ಫ್ರಾಕಿನ ಅಂಚು ಬಿಚ್ಚುವುದರ ನಿಷೇಧ

ಮಕ್ಕಳ ರಕ್ಷಣೆ ಮತ್ತು ಮರುರಕ್ಷಣೆ ಇಲಾಖೆ
ಕೇಂದ್ರ ಕಚೇರಿ, ಮೂರನೇ ಮಹಡಿ (ಲಿಫ್ಟ್ ದುರಸ್ತಿಯಲ್ಲಿದೆ)

ಸಂಖ್ಯೆ: ಮರಮ/ಭೇಕೊ/ಅಂಚು/07
ದಿನಾಂಕ: ಸಹಿ ಬಿದ್ದ ದಿನ

ಸುತ್ತೋಲೆ

ವಿಷಯ: ಇಲಾಖೆಯ ವಶದಲ್ಲಿರುವ ಮಕ್ಕಳ ಬಟ್ಟೆಯ ಅಂಚನ್ನು ಪೋಷಕರು ಭೇಟಿ ಕೊಠಡಿಯಲ್ಲಿ ಬಿಚ್ಚಿ ಉದ್ದ ಮಾಡುತ್ತಿರುವುದನ್ನು ತಡೆಯುವ ಬಗ್ಗೆ.

ಉಲ್ಲೇಖ: 1. ದರ್ಜಿ ಕೆಲಸದ ತಾಯಿಯೊಬ್ಬರ ಮೇಲ್ಮನವಿ. 2. ಅದರ ಜ್ಞಾಪನೆ. 3. ಜ್ಞಾಪನೆಯ ಜ್ಞಾಪನೆ. 4. ಮಗುವಿನ ಅಜ್ಜಿಯು ಕಚೇರಿಯ ವರಾಂಡದಲ್ಲಿ ನಿಂತು ಕೂಗಿದ್ದು.

ಪೀಠಿಕೆ:

ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ನಡೆಸುವ ತಾಯಿಯೊಬ್ಬರ ಮಗಳನ್ನು (ಮನೆಯಲ್ಲಿ ಕರೆಯುವ ಹೆಸರು ಚಿಣ್ಣಿ) ಇಲಾಖೆಯು ಮಗುವಿನ ಹಿತದೃಷ್ಟಿಯಿಂದ ವಶಕ್ಕೆ ಪಡೆದಿದೆ. ಪರಿಶೀಲನಾಧಿಕಾರಿಯು ಮನೆಗೆ ಹೋದ ವೇಳೆ ಮಗುವನ್ನು ಸ್ಟೂಲಿನ ಮೇಲೆ ನಿಲ್ಲಿಸಲಾಗಿತ್ತು. ಮೈಸುತ್ತ ಗುಂಡುಸೂಜಿಗಳಿದ್ದವು. ತಾಯಿಯ ತುಟಿಗಳ ನಡುವೆಯೂ ಗುಂಡುಸೂಜಿಗಳಿದ್ದು, ಆ ಸ್ಥಿತಿಯಲ್ಲೇ ಅವರು "ಅಲ್ಲಾಡಬೇಡ ಕಣೇ, ಚುಚ್ಚುತ್ತೆ" ಎಂದು ಮಗುವನ್ನು ಬೆದರಿಸಿರುತ್ತಾರೆ. ಹೊಸ ಫ್ರಾಕು ಮೈಗೆ ಕೂರುತ್ತದೆಯೇ ಎಂದು ನೋಡುತ್ತಿದ್ದುದಾಗಿ ಅವರು ತಿಳಿಸಿದರೂ, ಅಧಿಕಾರಿಯ ನಮೂನೆಯಲ್ಲಿ ಫ್ರಾಕಿಗೆ ಕಾಲಂ ಇಲ್ಲದ ಕಾರಣ ದಾಖಲಿಸಿಕೊಳ್ಳಲಾಗಲಿಲ್ಲ. ಚುಚ್ಚುವ ವಸ್ತುಗಳಿಗೆ ಕಾಲಂ ಇದ್ದುದರಿಂದ ಅದನ್ನು ಭರ್ತಿ ಮಾಡಲಾಗಿದೆ.

ಅಂದಿನಿಂದ ಸದರಿ ತಾಯಿಯು ಮಗಳನ್ನು ವಾಪಸು ಕೊಡಿ ಎಂದು ಮೂರು ಮಹಡಿ ಹತ್ತಿ ಇಳಿದು ಇಲಾಖೆಯ ತಲೆ ತಿನ್ನುತ್ತಿದ್ದಾರೆ. ಸಾಲದ್ದಕ್ಕೆ, ಭೇಟಿಗೆ ಬಂದಾಗಲೆಲ್ಲ ಚಿಣ್ಣಿಯನ್ನು ಕುರ್ಚಿಯ ಮೇಲೆ ಹತ್ತಿಸಿ, ಫ್ರಾಕಿನ ಅಂಚಿನೊಳಗೆ ಮಡಚಿಟ್ಟ ಬಟ್ಟೆಯನ್ನು ಒಂದೊಂದು ಮಡಿಕೆಯಾಗಿ ಇಳಿಸಿ ಮತ್ತೆ ಹೊಲಿಯುತ್ತಿರುವುದು ಗಮನಕ್ಕೆ ಬಂದಿದೆ. ವಿಚಾರಿಸಲಾಗಿ, "ಬೆಳೆಯೋ ಮಗು ಅಲ್ವಾ ಸಾರ್, ಮೊಣಕಾಲು ಕಾಣ್ತಾ ಇದೆ" ಎಂದು ಉತ್ತರಿಸಿರುತ್ತಾರೆ. ಇದನ್ನು ಇಲಾಖೆಯು ಹಗುರವಾಗಿ ತೆಗೆದುಕೊಳ್ಳಲಾಗದು. ಆದುದರಿಂದ ಸಿಬ್ಬಂದಿ ಹಾಗೂ ಪೋಷಕರೆಲ್ಲರಿಗೂ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ:

1. ಭೇಟಿ ಕೊಠಡಿಗೆ ಸೂಜಿ, ದಾರ, ಕತ್ತರಿ ತರತಕ್ಕದ್ದಲ್ಲ. ಕತ್ತರಿ ಕಿತ್ತುಕೊಂಡ ನಂತರ ಸದರಿ ತಾಯಿಯು ದಾರವನ್ನು ಹಲ್ಲಿನಿಂದ ಕಡಿದಿರುವುದರಿಂದ, ಹಲ್ಲುಗಳನ್ನು ಬಾಗಿಲಲ್ಲಿ ಒಪ್ಪಿಸಿ ಚೀಟಿ ಪಡೆಯುವ ಬಗ್ಗೆ ಕಾನೂನು ವಿಭಾಗದ ಅಭಿಪ್ರಾಯ ಕೋರಲಾಗಿದೆ. ಅಭಿಪ್ರಾಯ ಬರುವವರೆಗೆ ಪೋಷಕರು ಬಾಯಿ ಮುಚ್ಚಿಕೊಂಡಿರತಕ್ಕದ್ದು.

2. ಮೇಲ್ಮನವಿ ಇತ್ಯರ್ಥವಾಗುವವರೆಗೆ ಮಕ್ಕಳ ಬೆಳವಣಿಗೆಗೆ ಅನುಮತಿ ಇರುವುದಿಲ್ಲ. ಕಡತದಲ್ಲಿ ನಮೂದಾದ ಎತ್ತರವೇ ಅಧಿಕೃತ ಎತ್ತರ. ಈಗಾಗಲೇ ಲಾರಿ ಚಾಲಕರೊಬ್ಬರ ಮಗುವು ಕಡತದಲ್ಲಿ ಅಂಬೆಗಾಲಿಡುತ್ತಿದ್ದು, ತಂದೆಯ ಭೇಟಿಗೆ ರಾಜಾರೋಷವಾಗಿ ನಡೆದು ಬಂದಿದೆ. ಅದನ್ನು ಬಾಗಿಲ ಹೊರಗೆ ಕಳುಹಿಸಿ, ಅಂಬೆಗಾಲಿಡುತ್ತಾ ಮತ್ತೊಮ್ಮೆ ಬರುವಂತೆ ಸೂಚಿಸಲಾಯಿತು. ಮಗು ನಕ್ಕಿತು. ನಗುವಿನ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಿಸಲಾಗುವುದು.

3. ಫ್ರಾಕಿನ ಅಂಚಿನಲ್ಲಿ ಹೆಚ್ಚುವರಿ ಬಟ್ಟೆ ಮಡಚಿಟ್ಟಿರುವುದನ್ನು ನೋಡಿದರೆ, ಮಗು ಬೆಳೆಯಲಿದೆ ಎಂಬ ಸಂಗತಿ ತಾಯಿಗೆ ಮೊದಲೇ ತಿಳಿದಿತ್ತು ಎಂಬುದು ಸ್ಪಷ್ಟ. ಇದನ್ನು ಪೂರ್ವಯೋಜಿತ ಕೃತ್ಯವೆಂದು ಪರಿಗಣಿಸಲಾಗಿದೆ.

4. ಭೇಟಿ ಮುಗಿದಾಗ ಮಗು ಅತ್ತರೆ, ತಾಯಿಯು ಮಗುವಿನ ಮನಸ್ಸು ಕೆಡಿಸಿದ್ದಾರೆಂದು ದಾಖಲಿಸಿ ಮುಂದಿನ ಭೇಟಿ ರದ್ದುಪಡಿಸುವುದು. ಮಗು ಅಳದಿದ್ದರೆ, ತಾಯಿ ಮಗುವಿನ ನಡುವೆ ಬಾಂಧವ್ಯವಿಲ್ಲವೆಂದು ದಾಖಲಿಸಿ ಮುಂದಿನ ಭೇಟಿ ರದ್ದುಪಡಿಸುವುದು. ತಾಯಿ ಅತ್ತರೆ ಮಾನಸಿಕ ಅಸ್ಥಿರತೆ, ಅಳದಿದ್ದರೆ ಕಲ್ಲುಮನಸ್ಸು. ತಾಯಂದಿರು ಇವೆರಡರ ಮಧ್ಯೆ ಎಲ್ಲಾದರೂ ಇರತಕ್ಕದ್ದು. ಎಲ್ಲಿ ಎಂಬುದನ್ನು ತಿಳಿಸುವ ಹೊಣೆ ಇಲಾಖೆಯದಲ್ಲ.

5. ಹಿಂದಿನ ಒಂದು ಭೇಟಿಯಲ್ಲಿ ತಾಯಿಗೆ ಎಷ್ಟು ಬಾರಿ ಯತ್ನಿಸಿದರೂ ಸೂಜಿಗೆ ದಾರ ಪೋಣಿಸಲಾಗದಿದ್ದಾಗ, ಕೊಠಡಿಯ ಮೇಲ್ವಿಚಾರಕಿಯೇ "ಕೊಡಮ್ಮ ಇಲ್ಲಿ" ಎಂದು ಪೋಣಿಸಿಕೊಟ್ಟಿರುತ್ತಾರೆ. ಕಾರಣ ಕೇಳಿ ನೋಟಿಸು ನೀಡಲಾಗಿ, "ನನಗೂ ಮಕ್ಕಳಿದ್ದಾರೆ" ಎಂದು ಒಂದೇ ಸಾಲಿನ ವಿವರಣೆ ಸಲ್ಲಿಸಿದ್ದಾರೆ. ಸದರಿ ಮಕ್ಕಳ ಪರಿಶೀಲನೆಗೆ ಅಧಿಕಾರಿಯನ್ನು ನೇಮಿಸಲಾಗಿದೆ.

6. ಅಜ್ಜಿಯು ವರಾಂಡದಲ್ಲಿ "ನಿಮ್ಮ ಮನೆ ಹಾಳಾಗ" ಎಂದು ಕೂಗಿದ ಹಿನ್ನೆಲೆಯಲ್ಲಿ ಎಲ್ಲ ಅಧಿಕಾರಿಗಳ ಮನೆಗಳನ್ನು ಎಂಜಿನಿಯರರಿಂದ ತಪಾಸಣೆ ಮಾಡಿಸಲಾಗಿದ್ದು, ಯಾವುದೇ ಹಾನಿ ಕಂಡುಬಂದಿಲ್ಲ. ಉಪನಿರ್ದೇಶಕರ ಸ್ನಾನದ ಮನೆಯಲ್ಲಿ ಒಂದು ಬಿರುಕು ಇದ್ದು, ಅದು ಶಾಪಕ್ಕಿಂತ ಹಳೆಯದೆಂದು ಪ್ರಮಾಣೀಕರಿಸಲಾಗಿದೆ. ಇನ್ನು ಮುಂದೆ ಶಾಪಗಳನ್ನು ಕಚೇರಿ ವೇಳೆಯಲ್ಲಿ, ಲಿಖಿತವಾಗಿ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಸಲ್ಲಿಸತಕ್ಕದ್ದು.

7. ಇಲಾಖೆಯ ಪಾಲನೆಯಲ್ಲಿ ಚಿಣ್ಣಿಯ ಶಿಸ್ತು ಗಮನಾರ್ಹವಾಗಿ ಸುಧಾರಿಸಿದೆ ಎಂದು ತಿಳಿಸಲು ಹರ್ಷವಾಗುತ್ತದೆ. ನೀರು ಕುಡಿಯುವ ಮೊದಲೂ ಅನುಮತಿ ಕೇಳುತ್ತಾಳೆ. ಕೊನೆಯ ಭೇಟಿಯಲ್ಲಿ ತಾಯಿಯನ್ನು ಕಂಡು ಎದ್ದು ನಿಂತು, "ನಮಸ್ತೆ ಮೇಡಂ" ಎಂದಿದ್ದಾಳೆ. ತಾಯಿಯು ಆ ದಿನ ಏನನ್ನೂ ಹೊಲಿಯಲಿಲ್ಲ. ಇದನ್ನು ಸುತ್ತೋಲೆಗೆ ಮುನ್ನವೇ ದೊರೆತ ಸಹಕಾರವೆಂದು ಇಲಾಖೆ ಭಾವಿಸುತ್ತದೆ.

8. ಈ ಮಧ್ಯೆ ಮೇಲ್ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಗುಂಡುಸೂಜಿಗಳನ್ನು ಚುಚ್ಚಿದ್ದು ಬಟ್ಟೆಗೆ, ಮಗುವಿಗಲ್ಲ ಎಂಬುದು ದೃಢಪಟ್ಟಿದೆ. ಆಗಿರುವ ತಪ್ಪು ಯಾರದ್ದೂ ಅಲ್ಲ ಎಂಬುದೂ ದೃಢಪಟ್ಟಿದೆ. ಆ ಮೇರೆಗೆ, ಒಯ್ದ ಮಗುವನ್ನೇ ಒಯ್ದ ಸ್ಥಿತಿಯಲ್ಲೇ ತಾಯಿಗೆ ಹಿಂದಿರುಗಿಸಲು ಆದೇಶವಾಯಿತು. ಆದರೆ ಹಸ್ತಾಂತರದ ವೇಳೆ ಮಗುವಿನ ಎತ್ತರವಾಗಲಿ, ಮುಂದಿನ ಹಲ್ಲುಗಳಾಗಲಿ, ದನಿಯಾಗಲಿ ಕಡತಕ್ಕೆ ತಾಳೆಯಾಗಲಿಲ್ಲ. ಇದು ಅದೇ ಮಗುವೇ ಎಂದು ನಿಯಮದ ಪ್ರಕಾರ ತಾಯಿಯನ್ನೇ ಕೇಳಲಾಯಿತು. ಅವರು ಮಗುವಿನ ಮುಖವನ್ನೇ ನೋಡಿ, "ಅದೇ ಮಗು ಇನ್ನೆಲ್ಲಿಂದ ಬರುತ್ತೆ ಸಾರ್? ಅದು ನನ್ನನ್ನ ಅಮ್ಮಾ ಅಂತಿತ್ತು. ಅದನ್ನ ನೀವು ಕಳೆದುಬಿಟ್ರಿ. ಇವಳನ್ನಾದ್ರೂ ಕೊಡಿ, ನಾನು ಮೊದಲಿಂದ ಶುರು ಮಾಡ್ತೀನಿ" ಎಂದು ಹೇಳಿರುತ್ತಾರೆ.

9. ಅದೇ ಮಗುವಲ್ಲವೆಂದು ತಾಯಿಯೇ ಸ್ವಇಚ್ಛೆಯಿಂದ ಒಪ್ಪಿಕೊಂಡಿರುವುದರಿಂದ, ಸದರಿ ಮೇಲ್ಮನವಿಯನ್ನು ಮುಕ್ತಾಯಗೊಳಿಸಲಾಗಿದೆ. ಈಗ ಲಭ್ಯವಿರುವ ಮಗು ಬೇಕಿದ್ದಲ್ಲಿ, ಅವರು ಇತರರಂತೆ ದತ್ತು ಕೋರಿ ಹೊಸದಾಗಿ ಅರ್ಜಿ ಸಲ್ಲಿಸಿ ಸರದಿಯಲ್ಲಿ ಕಾಯಬಹುದು. ಅರ್ಜಿದಾರರ ಮನೆಯಲ್ಲಿ ಗುಂಡುಸೂಜಿಗಳು ಇರಕೂಡದು.

ಮೇಲ್ಕಂಡ ಸೂಚನೆಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದು.

(ಸಹಿ/-)
ಉಪನಿರ್ದೇಶಕರು
(ನಿರ್ದೇಶಕರು ಮಕ್ಕಳೊಂದಿಗೆ ರಜೆಯಲ್ಲಿರುವುದರಿಂದ, ಅವರ ಪರವಾಗಿ)

ಪ್ರತಿಗಳು:

1. ಪರಿಶೀಲನಾಧಿಕಾರಿಗೆ: ಬಡ್ತಿಯ ಅಭಿನಂದನೆಗಳೊಂದಿಗೆ.
2. ಭೇಟಿ ಕೊಠಡಿಯ ಕಾವಲುಗಾರರಿಗೆ: ಬಾಗಿಲಲ್ಲಿ ಅಂಟಿಸಲು. ಅಂಟು ಸ್ವಂತ ಖರ್ಚಿನಲ್ಲಿ.
3. ಮೇಲ್ವಿಚಾರಕಿಗೆ: ಮನೆಯ ವಿಳಾಸಕ್ಕೆ. ಪರಿಶೀಲನೆಗೆ ಬರುವ ಅಧಿಕಾರಿಯೇ ಖುದ್ದಾಗಿ ತಲುಪಿಸುವರು.
4. ಕಚೇರಿಯ ಕಡತಕ್ಕೆ.
5. ಹೊಲಿಗೆ ಅಂಗಡಿಯವರಿಗೆ: ವಿಳಾಸದಲ್ಲಿದ್ದ "ಚಿಣ್ಣಿಯ ತಾಯಿ" ಎಂಬುದನ್ನು ಹೊಡೆದುಹಾಕಿ, "ಸಾರ್ವಜನಿಕರು" ಎಂದು ತಿದ್ದಿ, ಸಾಮಾನ್ಯ ಅಂಚೆಯಲ್ಲಿ.