ದೋಣಿಯಲ್ಲಿ ಕೂತು ಹಾಲು ಕರೆದ ಭಾವ

ನನ್ನ ಭಾವ ತಮ್ಮ ಮದುವೆಯ ಆರತಕ್ಷತೆಯಲ್ಲೇ ಇರಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಆಲ್ಬಂ ಇದೆ, ಬಂದು ನೋಡಿ! ಮುಳಬಾಗಿಲಿನ ಛತ್ರದಲ್ಲಿ ತೆಗೆದ ಆ ಫೋಟೋಗಳಲ್ಲಿ ನಮ್ಮಕ್ಕ ಜರಿ ಸೀರೆ ಉಟ್ಟು, ಹಣೆಗೆ ಬಾಸಿಂಗ ಕಟ್ಟಿಕೊಂಡು, ಗಂಭೀರವಾಗಿ ಕೂತಿದ್ದಾಳೆ. ಪಕ್ಕದ ಕೆಂಪು ಕುರ್ಚಿಯಲ್ಲಿ ಚಡ್ಡಿ ಹಾಕಿಕೊಂಡು ಹಲ್ಲು ಕಿರಿಯುತ್ತಿರುವವನು ನಾನು. ಮದುಮಗನ ಕುರ್ಚಿ ಖಾಲಿ ಕಂಡರೆ ಅಪಶಕುನ ಎಂದು ಯಾರೋ ಹಿರಿಯರು ನನ್ನನ್ನು ಎತ್ತಿ ಅಲ್ಲಿ ಕೂರಿಸಿದ್ದರು. ಮದುಮಗ ಎಲ್ಲಿ ಅಂದಿರಾ? ಯಾರದೋ ಬೈಕು ಇಸ್ಕೊಂಡು ಕ್ಯಾಲನೂರಿನ ಹತ್ತಿರದ ತಮ್ಮೂರಿಗೆ ಹಾಲು ಕರೆಯಲು ಹೋಗಿದ್ದರು! ಪಾಯಸ ಮುಗಿದ ಮೇಲೆ, ತಲೆಯ ಮೇಲಿನ ಪೇಟ ಹಾಗೇ ಇಟ್ಟುಕೊಂಡು, ಸಗಣಿಯ ವಾಸನೆಯೊಂದಿಗೆ ವಾಪಸ್ ಬಂದರು. "ಬೇರೆಯವರು ಕೈ ಹಾಕಿದ್ರೆ ನಮ್ಮ ಹಸು ಒದೀತಾಳೆ ಮಾವ," ಎಂದು ಮಾವನಿಗೆ ಸಮಜಾಯಿಷಿ ಕೊಟ್ಟರಂತೆ. ಹೆಣ್ಣು ಕೊಟ್ಟ ನಮ್ಮಪ್ಪ ಏನು ಹೇಳಬೇಕು, ಪಾಪ!

ಅವತ್ತಿನಿಂದ ಇವತ್ತಿನವರೆಗೆ ಭಾವನ ಕೊಟ್ಟಿಗೆಯಲ್ಲಿ ಹಸುಗಳು ಬದಲಾಗಿವೆ, ಭಾವ ಬದಲಾಗಿಲ್ಲ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಊರಿನ ಡೈರಿ ಬಾಗಿಲು ತೆರೆಯುತ್ತದೆ. ಭಾವನ ಪ್ರಪಂಚ ಆ ಎರಡು ಬಾಗಿಲುಗಳ ನಡುವೆ ಇದೆ. ತಿರುಪತಿಗೆ ಹೋಗೋಣ ಎಂದರೆ, "ಸಂಜೆ ಹಾಲಿಗೆ ವಾಪಸ್ ಬರಕ್ಕಾಗುತ್ತಾ?" ಎಂದು ಕೇಳುತ್ತಾರೆ. ಆಗಲ್ಲ ಎಂದರೆ, ಕೂತಲ್ಲಿಂದಲೇ ಆ ದಿಕ್ಕಿಗೆ ಕೈ ಮುಗಿದುಬಿಡುತ್ತಾರೆ. ದೇವರೂ ಒಪ್ಪಿಕೊಂಡಿರಬೇಕು, ಇದುವರೆಗೂ ತಕರಾರು ಬಂದಿಲ್ಲ.

ಈಗ ಇರುವವಳು ಸುಂದ್ರಿ. ಕಪ್ಪು ಬಿಳುಪು ಮಿಶ್ರ ತಳಿ, ಕೊಬ್ಬಿನ ಕಳೆ. ಭಾವ ಅವಳನ್ನು ಮುದ್ದಿಸುವುದು ತೆಲುಗಿನಲ್ಲಿ, ಬೈಯುವುದು ಕನ್ನಡದಲ್ಲಿ. ಅಕ್ಕನಿಗೆ ಮಾತ್ರ ಎರಡೂ ಕನ್ನಡದಲ್ಲೇ, ಅದರಲ್ಲೂ ಮೊದಲನೆಯದು ಬಲು ಅಪರೂಪಕ್ಕೆ.

ಇಷ್ಟು ಹೇಳಿದೆನೆಂದು ಭಾವನ ಮೇಲೆ ನನಗೇನೋ ಸಿಟ್ಟಿದೆ ಎಂದುಕೊಳ್ಳಬೇಡಿ. ಅಮ್ಮ ತೀರಿಕೊಂಡ ಮೇಲೆ ನಾನು ಬೆಳೆದಿದ್ದು ಅಕ್ಕನ ಮನೆಯಲ್ಲೇ. ಹಾಲು ಮಾರುವವರ ಮನೆಯಲ್ಲಿ ಹಾಲಿಗೇ ಬರ ಎನ್ನುತ್ತಾರೆ. ಅದು ನಿಜ. ಭಾವ ಕರಿ ಕಾಫಿ ಕುಡಿದ ದಿನಗಳನ್ನು ನಾನು ಕಂಡಿದ್ದೇನೆ. ಆದರೆ ನನ್ನ ಲೋಟದಲ್ಲಿ ಹಾಲು ಇಲ್ಲದ ಒಂದು ದಿನವೂ ನನಗೆ ನೆನಪಿಲ್ಲ. "ಕುಡಿಯೋ, ಓದೋ ಹುಡುಗ ನೀನು" ಎನ್ನುವುದು ಬಿಟ್ಟರೆ ಅದರ ಬಗ್ಗೆ ಅವರು ಒಂದು ಮಾತೂ ಆಡಿದವರಲ್ಲ. ಇವತ್ತು ವೇಮಗಲ್ಲಿನ ಕಾರ್ಖಾನೆಯೊಂದರಲ್ಲಿ ನಾನು ಕುರ್ಚಿ ಹಾಕಿಕೊಂಡು ಕೂತಿದ್ದರೆ ಅದಕ್ಕೆ ಕಾರಣ ಆ ಮನುಷ್ಯ.

ಈಗ ಅಕ್ಕನ ಮಂಡಿಯ ವಿಷಯಕ್ಕೆ ಬರೋಣ. ಎರಡು ಮಂಡಿಯೂ ಸವೆದುಹೋಗಿವೆ, ಆಪರೇಷನ್ ಆಗಲೇಬೇಕು, ಕೆಲವು ದಿನ ಆಸ್ಪತ್ರೆಯಲ್ಲಿ ಇರಬೇಕು ಎಂದು ಕೋಲಾರದ ಡಾಕ್ಟರು ಹೇಳಿ ವರ್ಷದ ಮೇಲಾಯಿತು. ಅಕ್ಕ "ನೋಡೋಣ, ನೋಡೋಣ" ಎಂದು ತಳ್ಳುತ್ತಲೇ ಇದ್ದಳು. ಕೊನೆಗೊಂದು ದಿನ ನಾನು ರೇಗಿದೆ. ಆಗ ಬಾಯಿ ಬಿಟ್ಟಳು.

"ನಂಗೆ ಹೆದ್ರಿಕೆ ಕಣೋ. ಕೊಯ್ಯೋದಕ್ಕಲ್ಲ. ಎಚ್ಚರ ಆದಾಗ ಆ ಮನುಷ್ಯ ಪಕ್ಕದಲ್ಲಿ ಇರಲ್ವಲ್ಲ, ಅದಕ್ಕೆ."

"ನಾನಿದೀನಿ, ಮಾಲೂರಿಂದ ನಿನ್ನ ಮಗಳು ಬರ್ತಾಳೆ..."

"ನೀವೆಲ್ಲಾ ಇರ್ತೀರ. ನಂಗೆ ಅವ್ರು ಬೇಕು. ಮಗಳು ಹುಟ್ಟಿದಾಗ ಆಸ್ಪತ್ರೆಗೆ ಬಂದು ಏನ್ ಕೇಳಿದ್ರು ಗೊತ್ತಾ? 'ಎಷ್ಟು ತೂಕ?' ಅಂತ! ಕೇಳಿ ಸಂಜೆ ಹಾಲಿಗೆ ಹೊರಟೇಬಿಟ್ರು. ಆ ರಾತ್ರಿ ಎಲ್ಲಾ ಗೋಡೆ ನೋಡ್ಕೊಂಡು ಮಲಗಿದ್ದೆ."

"ಸರಿ, ಈ ಸಲ ಇರಿ ಅಂತ ಬಾಯಿ ಬಿಟ್ಟು ಕೇಳು."

"ಕೇಳಿ ಇಸ್ಕೊಂಡ್ರೆ ಏನ್ ಚೆಂದ?"

ಹೆಂಗಸರ ಈ ನ್ಯಾಯಕ್ಕೆ ಯಾವ ಕೋರ್ಟಿನಲ್ಲಿ ಅಪೀಲು ಹಾಕುವುದು, ಹೇಳಿ!

ಅಕ್ಕ ಒಂದು ಪರೀಕ್ಷೆ ಇಟ್ಟಳು. ಶಬರಿಮಲೆಗೆ ಹೋಗಿದ್ದ ಪಕ್ಕದ ಮನೆಯವರು ದಾರಿಯಲ್ಲಿ ಕೊಚ್ಚಿಯಲ್ಲಿ ಇಳಿದು, ಅರ್ಧ ದಿನ ದೋಣಿಯಲ್ಲಿ ಊರೆಲ್ಲ ಸುತ್ತಿ, ಅದರ ವಿಡಿಯೊ ತಂದು ತೋರಿಸಿದ್ದರು. ಕುರ್ಚಿಯಲ್ಲಿ ಕೂತರೆ ಸಾಕಂತೆ, ಹಳೇ ಕಾಲದ ಪೇಟೆ, ಅರಮನೆ, ಚರ್ಚು ಎಲ್ಲವೂ ತಾವೇ ಪಕ್ಕದಲ್ಲಿ ಹಾದುಹೋಗುತ್ತವಂತೆ. ಮಂಡಿ ನೋವಿನವಳಿಗೆ ಇದಕ್ಕಿಂತ ಒಳ್ಳೆ ಯಾತ್ರೆ ಬೇಕೇ? "ಒಂದು ದಿನ ಆ ಸುಂದ್ರೀನ ಬಿಟ್ಟು ನನ್ ಜೊತೆ ಆ ದೋಣಿ ಹತ್ಲಿ, ನೋಡ್ತೀನಿ. ಹತ್ತಿ, ಕೊನೇವರೆಗೂ ಕೂತ್ರೆ ಆಸ್ಪತ್ರೇಲೂ ಇರ್ತಾರೆ ಅಂತ ಲೆಕ್ಕ. ಆಗ ಕಾಲು ಕೊಯ್ಸ್ಕೊಳ್ತೀನಿ. ಇಲ್ದಿದ್ರೆ ಹಿಂಗೇ ಕುಂಟ್ಕೊಂಡಿರ್ತೀನಿ. ಇದು ಅವರಿಗೆ ಗೊತ್ತಾಗ್ಕೂಡ್ದು!" ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು.

ದೋಣಿ ಎಂದ ಕೂಡಲೇ ಭಾವ, "ಅಷ್ಟೇ ತಾನೇ? ಬಾ" ಎಂದು ಅಕ್ಕನನ್ನು ಊರ ಕೆರೆಗೆ ಕರೆದುಕೊಂಡು ಹೋದರು. ಎಷ್ಟೋ ವರ್ಷದ ಮೇಲೆ ಕೆರೆ ತುಂಬಿ, ಮೀನಿನವರು ಒಂದು ತೆಪ್ಪ ಇಟ್ಟುಕೊಂಡಿದ್ದರು. ಅದರಲ್ಲಿ ಅಕ್ಕನನ್ನು ಕೂರಿಸಿ ಎರಡು ಸುತ್ತು ಹಾಕಿಸಿ, ಡೈರಿ ಬಾಗಿಲು ತೆರೆಯುವುದರೊಳಗೆ ದಡಕ್ಕೆ ತಂದರು. ಮಂಡಿ ಹಿಡಿದುಕೊಂಡು ಇಳಿದ ಅಕ್ಕ, "ಇದು ದೋಣಿಯಲ್ಲ ಕಣ್ರೀ, ಮಂಕರಿ!" ಎಂದಳು. ಕೋಳಿ ಮುಚ್ಚುವ ಬುಟ್ಟಿಯಲ್ಲಿ ಕೂತು ಬಂದಂತಾಯಿತಂತೆ.

ಆಮೇಲೆ ನಾನೇ ಕೊಚ್ಚಿಯ ಮಾತೆತ್ತಿದೆ. ಸಂಜೆ ಹಾಲು ಕರೆದು ಬಂಗಾರಪೇಟೆಯಲ್ಲಿ ರೈಲು ಹತ್ತುವುದು, ಮಾರನೇ ದಿನ ದೋಣಿ, ಅದೇ ರಾತ್ರಿ ವಾಪಸ್. ನಡುವೆ ಎರಡು ಹೊತ್ತಿನ ಹಾಲು ತಪ್ಪುತ್ತದೆ. ಭಾವ ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕಾದೆ. ಅವರು ಬೀಡಿ ಆರಿಸಿ, "ಆಯ್ತು, ಹೋಗೋಣ. ಒಂದು ತಿಂಗಳು ಟೈಮ್ ಕೊಡು" ಎಂದರು! ನಾನು ಅಕ್ಕನ ಮುಖ ನೋಡಿದೆ. ಅಕ್ಕ ಅವರ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

ಆ ಒಂದು ತಿಂಗಳು ಊರಿಗೆ ಬಿಟ್ಟಿ ನಾಟಕ. ಹಸು ಆಳನ್ನು ಗುರುತಿಸುವುದು ವಾಸನೆಯಿಂದ. ಹಾಗಾಗಿ ಪಕ್ಕದ ಮನೆಯ ಸೊಣ್ಣಪ್ಪ ದಿನಾ ಭಾವನ ಒಗೆಯದ ಷರಟು ಹಾಕಿ, ಭಾವನ ಲುಂಗಿ ಉಟ್ಟು, ಭಾವನ ಟವೆಲು ತಲೆಗೆ ಸುತ್ತಿ ಕೊಟ್ಟಿಗೆಗೆ ಬರಬೇಕಾಯಿತು. ಬೀಡಿ ಸೇದದ ಸೊಣ್ಣಪ್ಪನಿಗೆ ಭಾವನ ಬೀಡಿಯನ್ನೂ ಹಚ್ಚಿಕೊಟ್ಟರು. ಸುಂದ್ರಿ ಮೊದಲ ದಿನ ಮೂಸಿ ನೋಡಿ ಒದ್ದಳು, ಎರಡನೇ ದಿನ ಮೂಸದೇ ಒದ್ದಳು. ಭಾವ ಮರೆಯಲ್ಲಿ ನಿಂತು "ದಾ ತಲ್ಲಿ, ಮಾ ಬಂಗಾರು ತಲ್ಲಿ" ಎಂದು, ಬಾರಮ್ಮ ನಮ್ಮ ಬಂಗಾರದಮ್ಮ ಎಂದು ತೆಲುಗಿನಲ್ಲಿ ದನಿ ಕೊಟ್ಟರೆ ಮಾತ್ರ ಹಾಲು ಇಳಿಸುತ್ತಿದ್ದಳು. ಕೊನೆಗೆ ವಾಸನೆ ಸೊಣ್ಣಪ್ಪನದು, ದನಿ ಫೋನಿನದು ಎಂದು ಒಪ್ಪಂದವಾಯಿತು. ಸೊಣ್ಣಪ್ಪನ ಹೆಂಡತಿ ಮಾತ್ರ, "ನಮ್ಮವರು ಮನೆಗೆ ಬಂದ್ರೆ ನಿಮ್ಮವರು ಬಂದಂಗೇ ಆಗುತ್ತೆ ಕಣಕ್ಕಾ, ಬೇಗ ಹೋಗ್ಬನ್ನಿ" ಎಂದು ಗೋಳಾಡಿದಳು.

ಬೆಳಗಿನ ಹಾಲು ರೈಲಿನಲ್ಲೇ ಆಯಿತು. ಎರ್ನಾಕುಲಂ ಇನ್ನೂ ದೂರವಿತ್ತು. ಬೋಗಿಯಲ್ಲಿ ಎಲ್ಲರೂ ಮುಸುಕೆಳೆದು ಮಲಗಿದ್ದಾಗ ಭಾವ ಫೋನು ಹಿಡಿದು, "ದಾ ತಲ್ಲಿ! ಇಯ್ಯಿ ತಲ್ಲಿ!" ಎಂದು, ಬಾರಮ್ಮ, ಕೊಡಮ್ಮ ಎಂದು ಕೂಗತೊಡಗಿದರು. ಮೇಲಿನ ಬರ್ತಿನಿಂದ ಒಂದು ತಲೆ ಇಳಿಯಿತು, ಎದುರಿನಿಂದ ಎರಡು. ಫೋನಿನೊಳಗಿಂದ ಚೊರ್ರ್ ಚೊರ್ರ್ ಎಂದು ಪಾತ್ರೆಗೆ ಹಾಲು ಬೀಳುವ ಸದ್ದು ಕೇಳಿದಾಗ ಭಾವ ಕಣ್ಣು ಮುಚ್ಚಿ ಭಜನೆ ಕೇಳಿದಂತೆ ಕೇಳಿದರು. ಮೇಲಿನ ಬರ್ತಿನವನು, "ಕಾಫಿ ಬಂತಾ?" ಎಂದು ನನ್ನನ್ನು ಕೇಳಿದ.

ಬೆಳಗಿನ ದೋಣಿಗೆ ಸೀಟು ಸಿಕ್ಕಿರಲಿಲ್ಲ. ಮಧ್ಯಾಹ್ನದ ದೋಣಿ ಹತ್ತಿದೆವು. ನಾನು ಒಂದು ಕೈ, ಭಾವ ಒಂದು ಕೈ ಹಿಡಿದು ಅಕ್ಕನನ್ನು ದೋಣಿಯೊಳಕ್ಕೆ ಇಳಿಸಿ, ಅಂಚಿನ ಕುರ್ಚಿಯಲ್ಲಿ ಕೂರಿಸಿದೆವು. ಅವಳು ಮೊದಲು ಮಾಡಿದ ಕೆಲಸವೆಂದರೆ ಬಗ್ಗಿ, ನೀರಿಗೆ ಬೆರಳು ಅದ್ದಿ, ನಾಲಿಗೆಗೆ ಇಟ್ಟುಕೊಂಡಿದ್ದು. "ಥೂ, ಉಪ್ಪು! ಇಷ್ಟು ನೀರಿಟ್ಕೊಂಡು ಒಂದು ಮಡಿ ರಾಗಿಗಾಗಲ್ವಲ್ಲೋ!" ಸಾವಿರ ಅಡಿ ಬೋರು ಕೊರೆಸಿ ಧೂಳು ಕಂಡವರ ನಾಲಿಗೆ, ಇನ್ನೇನು ಹೇಳೀತು? ಭಾವ ಮಾತ್ರ, "ಒಂದು ಬಕೀಟು ಹಸುಗೂ ಕುಡ್ಸಕ್ಕಾಗಲ್ಲ" ಎಂದು ಆ ಸಮುದ್ರವನ್ನು ಅಲ್ಲೇ ತಳ್ಳಿಹಾಕಿದರು.

ಮಟ್ಟಾಂಚೇರಿಯಲ್ಲಿ ದೋಣಿ ನಿಲ್ಲಿಸಿ, ಗೈಡು ಹುಡುಗಿ ನಮ್ಮನ್ನು ಹಳೇ ಅರಮನೆಗೂ ಮಸಾಲೆ ಪೇಟೆಗೂ ಬಿಟ್ಟಳು. ಮೆಣಸು, ಶುಂಠಿ, ಏಲಕ್ಕಿಯ ಘಾಟು ಗೋಡೆಗೋಡೆಗೂ ಹತ್ತಿತ್ತು. ಕನ್ನಡ ಬಾರದವರಿಗೆಲ್ಲ ತೆಲುಗು ಬಂದೇ ಬರುತ್ತದೆ ಎಂಬುದು ಭಾವನ ನಂಬಿಕೆ. ಏಲಕ್ಕಿ ರಾಶಿಯ ಮುಂದೆ ಕೂತಿದ್ದ ಮಲಯಾಳಿ ವ್ಯಾಪಾರಿಯನ್ನು ಅವರು ತೆಲುಗಿನಲ್ಲಿ ಕೇಳಿದ್ದು ಏನು ಅಂತೀರಿ? ಹತ್ತಿಕಾಳು ಹಿಂಡಿ ಸಿಗುತ್ತಾ ಎಂದು! ಅಲ್ಲಿಂದ ಮುಂದೆ, ಚರ್ಚಿನ ಬಯಲಿನಲ್ಲಿ ಒಂದು ಬಡಕಲು ಹಸು ಕಂಡು, ಅದರ ಮಾಲೀಕನನ್ನು ಹುಡುಕಲು ಹೊರಟವರನ್ನು ನಾನು ಷರಟು ಹಿಡಿದು ಎಳೆದುಕೊಂಡು ಬಂದೆ. ನಾಲ್ಕೈದು ನೂರು ವರ್ಷದ ಚರಿತ್ರೆ ಪಕ್ಕದಲ್ಲೇ ನಿಂತು ನಮ್ಮ ಭಾವನ ಬೆನ್ನನ್ನಷ್ಟೇ ನೋಡಿತು.

ಅಕ್ಕ ಮಾತ್ರ ಒಂದನ್ನೂ ಬಿಡಲಿಲ್ಲ. ಹಂಚಿನ ಗೋದಾಮುಗಳು, ಹಡಗುಗಳು, ನೀರಿಗೆ ಮುಖ ಮಾಡಿ ನಿಂತ ಹಳೇ ಮನೆಗಳು, ಎಲ್ಲಕ್ಕೂ ಕೈ ತೋರಿಸಿ "ಅದೇನೋ, ಇದೇನೋ" ಎಂದು ನನ್ನ ಜೀವ ತಿಂದಳು. ದೋಣಿ ತಿರುಗಿ ಚೀನಾ ಬಲೆಗಳ ಕಡೆ ಹೊರಟಾಗ ಎದ್ದೇ ನಿಂತುಬಿಟ್ಟಳು. ಉದ್ದುದ್ದ ಮರದ ತೋಳು, ಹಿಂದೆ ಹಗ್ಗಕ್ಕೆ ಕಟ್ಟಿದ ಕಲ್ಲುಗಳು. "ಲೇ, ಇದು ನಮ್ ತಾತನ ಬಾವೀಲಿದ್ದ ಏತ ಅಲ್ವೇನೋ! ನೀರಿನ ಬದ್ಲು ಮೀನೆತ್ತುತ್ತೆ, ಅಷ್ಟೇ!" ಎಂದು ನಕ್ಕಳು. ಮಂಡಿ ನೋವು ಶುರುವಾದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಸರಿಯಾಗಿ ಆಗಲೇ ಸೊಣ್ಣಪ್ಪನ ಫೋನು ಬರಬೇಕೇ!

"ಅಣ್ಣಾ, ಒಂದು ತೊಟ್ಟೂ ಬಿಡ್ತಿಲ್ಲಣ್ಣಾ! ಬಕೀಟು ಒದ್ದು ಹಳ್ಳಕ್ಕೆ ಹಾಕಿದ್ಲು!"

ಭಾವ ಎದ್ದು ನಿಂತು, "ದಾ ತಲ್ಲಿ!" ಎಂದರು. ದೋಣಿಯ ಇಂಜಿನ್ ಗಡಗಡ ಎನ್ನುತ್ತಿತ್ತು. ಆ ಕಡೆಯಿಂದ ಸುಂದ್ರಿ ಬೆದರಿ ಕೂಗಿದ್ದು ನಮಗೆಲ್ಲ ಕೇಳಿಸಿತು. ಭಾವ ಓಡಿಹೋಗಿ ದೋಣಿ ನಡೆಸುವವನ ಮುಂದೆ ಕೈ ಮುಗಿದು, ಇಂಜಿನ್ ನಿಲ್ಲಿಸಪ್ಪ ಎಂದು ತೆಲುಗಿನಲ್ಲಿ ಬೇಡಿಕೊಂಡರು. ನಾನು ಗೈಡು ಹುಡುಗಿಗೆ ವಿಷಯ ಹೇಳಿದೆ, ಅವಳು ಅವನಿಗೆ ಹೇಳಿದಳು. ಯಾರ ಮನೆಯ ಮಗನೋ, ಆ ಪುಣ್ಯಾತ್ಮ ಒಮ್ಮೆ ನಕ್ಕು ಇಂಜಿನ್ ಆರಿಸಿಯೇಬಿಟ್ಟ! ಗೈಡು ಮೈಕು ಕೆಳಗಿಟ್ಟಳು. ಮಕ್ಕಳಿಗೆ ತಾಯಂದಿರು "ಶ್!" ಎಂದರು. ಕೊಚ್ಚಿಯ ನೀರಿನ ನಡುವೆ ದೋಣಿ ಸುಮ್ಮನೆ ತೇಲಿತು. ಹತ್ತಾರು ಜನ ಉಸಿರು ಬಿಗಿಹಿಡಿದು ನಮ್ಮೂರಿನ ಹಸು ಹಾಲು ಕೊಡುವುದನ್ನೇ ಕಾದರು.

ಭಾವ ಕರೆದರು, ರಮಿಸಿದರು, ಬೈದರು, ಮತ್ತೆ ರಮಿಸಿದರು. ಸುಂದ್ರಿ ಜಪ್ಪಯ್ಯ ಎನ್ನಲಿಲ್ಲ.

"ಮುಂದೆ ಇನ್ನೊಂದು ಕಡೆ ನಿಲ್ಲಿಸ್ತಾರಂತೆ, ಇಳಿದ್ಬಿಡಿ," ಎಂದಳು ಅಕ್ಕ. ನಗು ಹೋಗಿತ್ತು. "ಸಿಕ್ಕಿದ ರೈಲು ಹತ್ತಿ ಹೋಗಿ. ನಾನು ತಮ್ಮನ ಜೊತೆ ಬರ್ತೀನಿ." ಹೇಳಿ ನೀರಿನ ಕಡೆ ಮುಖ ತಿರುಗಿಸಿಕೊಂಡಳು. ಅವಳ ಪರೀಕ್ಷೆ ಅಲ್ಲಿಗೆ ಮುಗಿದಿತ್ತು.

ಭಾವ ಅವಳ ಬೆನ್ನನ್ನೇ ನೋಡುತ್ತಾ ನಿಂತರು. ಆಮೇಲೆ ಫೋನಿಗೆ, "ಸೊಣ್ಣ, ಕರು ಬಿಚ್ಚು. ಕುಡಿದಷ್ಟು ಅದೇ ಕುಡೀಲಿ" ಎಂದರು.

"ಡೈರಿಗಣ್ಣಾ?"

"ಇವತ್ತು ಹಾಲಿಲ್ಲ ಅಂತ ಹೇಳು."

ಫೋನು ಆರಿಸಿದರು. ಜೇಬಿಗೆ ಹಾಕಿದರು. ಬಂದು ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತರು.

"ನಾಳೆನೂ ಹಿಂಗೇ ಮಾಡಿದ್ರೆ?" ಎಂದಳು ಅಕ್ಕ, ತಿರುಗದೆಯೇ.

"ಮಾಡ್ಲಿ. ಒಂದು ತಿಂಗಳು ಸೊಣ್ಣಂಗೆ ನನ್ ಷರಟು ಹಾಕ್ಸಿದ್ದು ಈ ದೋಣಿಗೆ ಅಂದ್ಕೊಂಡ್ಯಾ? ನಿನ್ ಕಾಲು ಕೊಯ್ಯೋವಾಗ ನಾನು ಅಲ್ಲಿರ್ಬೇಕಲ್ಲ ಕಣೇ. ಅಷ್ಟು ದಿನ ಸುಂದ್ರಿ ನನ್ನ ಬಿಟ್ಟಿರ್ತಾಳಾ ಅಂತ ನೋಡೋಕೇ ಬಂದಿದ್ದು. ಇರಲ್ಲ ಇವಳು, ಗೊತ್ತಾಯ್ತು." ಜೇಬಿನ ಫೋನನ್ನು ಇನ್ನಷ್ಟು ಒಳಕ್ಕೆ ತಳ್ಳಿ, "ಹಾಲು ಬತ್ತಿದ್ರೆ ಬತ್ಲಿ. ಇವಳನ್ನ ಕೇಳ್ಕೊಂಡು ಕೂತ್ರೆ ಆಗಲ್ಲ. ನಾನು ಬರ್ತೀನಿ. ನೀನು ಎದ್ದು ನಡೆಯೋವರ್ಗೂ ಅಲ್ಲೇ ಇರ್ತೀನಿ" ಎಂದರು.

ಇಂಜಿನ್ ಮತ್ತೆ ಶುರುವಾಯಿತು. ಗಂಡ ಹೆಂಡತಿ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದಂತೆ ಒಂದೇ ಪರೀಕ್ಷೆ ಬರೆಯುತ್ತಿದ್ದರಲ್ಲಪ್ಪ! ನನ್ನ ಕಣ್ಣು ತುಂಬಿಬಂತು. ಸುಂದ್ರಿ, ನಿನಗೊಂದು ನಮಸ್ಕಾರ ತಾಯಿ. ಆ ಸಂಜೆ ನೀನು ಹಾಲು ಕೊಟ್ಟುಬಿಟ್ಟಿದ್ದರೆ ಈ ಮಾತು ಆ ಮನುಷ್ಯನ ಬಾಯಿಂದ ಬರುತ್ತಿತ್ತೇ?

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಮೊದ್ಲೇ ಹೇಳೋಕೇನಾಗಿತ್ತು ರೋಗ!" ಎಂದು ಭಾವನ ತೋಳಿಗೆ ಒಂದು ಏಟು ಹಾಕಿದಳು. ಹಾಕಿದ ಕೈಯನ್ನು ಅಲ್ಲೇ ಇಟ್ಟುಕೊಂಡು, ನನ್ನ ಕಡೆ ತಿರುಗಿದಳು.

"ಲೇ, ಡಾಕ್ಟ್ರಿಗೆ ಫೋನ್ ಮಾಡೋ. ಯಾವತ್ತು ಬರ್ಬೇಕು ಅಂತ ಕೇಳು."