ಇಪ್ಪತ್ತಮೂರನೆಯ ಬೀಗದ ಕೈ

ಬೀಗಕ್ಕೆ ಸಾವಿದೆ, ಬೀಗದ ಕೈಗೆ ಸಾವಿಲ್ಲ. ಇದನ್ನು ನಾನು ಯಾವ ಮಠದ ಪ್ರವಚನದಲ್ಲೂ ಕೇಳಿದ್ದಲ್ಲ, ಅನುಭವಿಸಿ ಹೇಳುತ್ತಿದ್ದೇನೆ. ಬೀಗ ತುಕ್ಕು ಹಿಡಿಯುತ್ತದೆ, ಕೆಡುತ್ತದೆ, ಒಂದು ದಿನ ಕಲ್ಲಿನೇಟು ತಿಂದು ತಿಪ್ಪೆ ಸೇರುತ್ತದೆ. ಅದರ ಕೈಯನ್ನು ಮಾತ್ರ ಯಾರೂ ಎಸೆಯುವುದಿಲ್ಲ. "ಇರ್ಲಿ ಬಿಡ್ರೀ, ಯಾವುದಕ್ಕಾದ್ರೂ ಬಂದೀತು" ಎಂದು ಮತ್ತೆ ಗೊಂಚಲಿಗೇ ಪೋಣಿಸುತ್ತಾರೆ. ಹಾಗೆ ಯಾವುದಕ್ಕಾದರೂ ಬಂದ ಬೀಗದ ಕೈಯನ್ನು ನಾನಂತೂ ಈ ವಯಸ್ಸಿನವರೆಗೆ ಕಂಡಿಲ್ಲ. ಇಂಥ ಜನರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆ ಉರಿಯುತ್ತದೆ ಎಂದು ಹೇಳಿಬಿಡುತ್ತೇನೆ, ಹೊಟ್ಟೆಯಾದರೂ ತಣ್ಣಗಾಗಲಿ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಜ್ಜಂಪುರದ ಒಂದು ಸರ್ಕಾರಿ ಕಚೇರಿಯಲ್ಲಿದ್ದೆ. ಯಾವ ಇಲಾಖೆ ಎಂದು ಹೇಳುವುದಿಲ್ಲ. ಅದರ ಪಿಂಚಣಿಯಲ್ಲೇ ಇವತ್ತಿಗೂ ಕಾಫಿ ಕುಡಿಯುತ್ತಿದ್ದೇನೆ. ಮನೆ, ಹೆಂಡತಿ ಶಾಂತಾ ಎಲ್ಲ ಕಡೂರಿನಲ್ಲಿ. ದಿನಾ ಬೆಳಿಗ್ಗೆ ರೈಲು ಹತ್ತಿ ಹೋಗುವುದು, ಸಂಜೆ ರೈಲಿಳಿದು ಬರುವುದು. ಕೆಲಸಕ್ಕೆ ಸೇರಿದ ದಿನವೇ ಚಾರ್ಜ್ ಲಿಸ್ಟಿಗೆ ರುಜು ಹಾಕಿಸಿಕೊಂಡರು. ಅದರಲ್ಲಿ 'ಬೀಗದ ಕೈಗಳು: ಇಪ್ಪತ್ತಮೂರು' ಎಂದಿತ್ತು. ಎಣಿಸಿದೆ, ಸರಿಯಾಗಿತ್ತು. ಆಮೇಲೆ ಬೀಗಗಳನ್ನು ಎಣಿಸಿದೆ. ಒಂಬತ್ತು! ಉಳಿದ ಹದಿನಾಲ್ಕು ಯಾವುದರವು ಎಂದು ಜವಾನ ಮರುಳಪ್ಪನನ್ನು ಕೇಳಿದೆ. "ಇದು ಗೆದ್ಲು ತಿಂದ್ಹೋದ ಬೀರೂದು ಸಾ. ಇದು ಹರಾಜಾದ್ ಜೀಪಿಂದು. ಇದು ಹಳೇ ಆಫೀಸ್ ಬಾಗ್ಲುದು, ಆ ಆಫೀಸೇ ಬಿದ್ದೋಯ್ತು" ಎಂದು ಒಂದೊಂದಾಗಿ ತೋರಿಸಿದ. ಗೇಣುದ್ದದ ಒಂದನ್ನು ಎತ್ತಿ ಹಿಡಿದು "ಮತ್ತೆ ಇದು?" ಎಂದೆ. ಅವನು ದನಿ ತಗ್ಗಿಸಿ, "ಅದು ನಾನ್ ಬರೋಕ್ ಮುಂಚೇನೇ ಇತ್ತು ಸಾ. ಹಿರೀಕ್ರು ಇಟ್ಟಿದ್ದು, ಅಲ್ಲಾಡಿಸ್ಬೇಡಿ" ಎಂದ.

ಅಲ್ಲಾಡಿದ್ದು ನನ್ನ ಪ್ಯಾಂಟು. ಆ ಗೊಂಚಲಿನ ಭಾರಕ್ಕೆ ಬಲಗಡೆಯ ಜೇಬು ತಿಂಗಳಿಗೊಮ್ಮೆ ಹರಿಯುತ್ತಿತ್ತು. ಶಾಂತಾ ಹಳೇ ಹಾಸಿಗೆಯ ದಪ್ಪ ಬಟ್ಟೆ ಕೊಟ್ಟು ತೇಪೆ ಹಾಕಿದಳು. ಜೇಬು ಗಟ್ಟಿಯಾಯಿತು, ಈಗ ಪ್ಯಾಂಟೇ ಜಾರತೊಡಗಿತು. ರೈಲಿಗೆ ಓಡುವಾಗ ಒಂದು ಕೈ ಟಿಫಿನ್ ಕ್ಯಾರಿಯರಿಗೆ, ಇನ್ನೊಂದು ಮಾನಕ್ಕೆ. ನಾನು ಬರುವ ಸದ್ದು ನನಗಿಂತ ಮೊದಲೇ ಕಚೇರಿ ಸೇರಿ, ತೂಕಡಿಸುತ್ತಿದ್ದವರೆಲ್ಲ ಫೈಲು ಬಿಚ್ಚಿಕೊಂಡು ಕೂತಿರುತ್ತಿದ್ದರು. ಒಮ್ಮೆ ಬೀರೂರು ಸ್ಟೇಷನ್ನಿನಲ್ಲಿ ಒಬ್ಬಾಕೆಗೆ ಬವಳಿ ಬಂತು. "ಕೈಗೆ ಕಬ್ಬಿಣ ಕೊಡ್ರಪ್ಪಾ!" ಎಂದು ಯಾರೋ ಕೂಗಿದ್ದೇ ತಡ, ಇಡೀ ಪ್ಲಾಟ್‌ಫಾರಂ ನನ್ನ ಸೊಂಟದ ಕಡೆ ತಿರುಗಿತು. ಆಕೆಗೆ ಸ್ವಲ್ಪ ಹೊತ್ತಿಗೆ ಎಚ್ಚರವಾಯಿತು, ಪುಣ್ಯ. ಆ ಹದಿನಾಲ್ಕರಿಂದ ಲೋಕಕ್ಕಾದ ಉಪಕಾರ ಅದೊಂದೇ.

ಕೊನೆಗೆ ತರೀಕೆರೆಯ ಮೇಲಿನ ಕಚೇರಿಗೆ ಕಾಗದ ಬರೆದೆ: ಬೀಗಗಳೇ ಇಲ್ಲದ ಹದಿನಾಲ್ಕು ಬೀಗದ ಕೈಗಳನ್ನು ಪಟ್ಟಿಯಿಂದ ತೆಗೆಯಲು ಅಪ್ಪಣೆಯಾಗಬೇಕು. ನಾಲ್ಕು ತಿಂಗಳ ಮೇಲೆ ಉತ್ತರ ಬಂತು: 'ಸದರಿ ಬೀಗದ ಕೈಗಳನ್ನು ಅವುಗಳ ಬೀಗಗಳ ಸಮೇತ ಪರಿಶೀಲನೆಗೆ ಹಾಜರುಪಡಿಸುವುದು.' ಓದಿ ತಲೆ ಕೆಟ್ಟು ಹನ್ನೆರಡಾಣೆಯಾಯಿತು. ಅದೇ ಭಾನುವಾರ ಬೀದಿಯಲ್ಲಿ ಹಳೇ ಕಬ್ಬಿಣಕ್ಕೆ ಈರುಳ್ಳಿ ಕೊಡುವವನು ಕೂಗುತ್ತಾ ಬಂದ. ಹದಿನಾಲ್ಕನ್ನೂ ಕಿತ್ತು ಅವನ ತಕ್ಕಡಿಗೆ ಹಾಕಿದೆ. "ಬೇಡ ಕಣ್ರೀ, ಸರ್ಕಾರದ್ದು" ಎಂದಳು ಶಾಂತಾ. "ಸರ್ಕಾರಕ್ಕೆ ಬೇಕಿದ್ರೆ ಬೀಗ ಇಟ್ಕೊಂಡಿರ್ತಿತ್ತು, ಸುಮ್ನಿರೇ" ಎಂದೆ. ಅವತ್ತು ಸಂಜೆ ಈರುಳ್ಳಿ ಬಜ್ಜಿ ತಿಂದೆವು. ಉಳಿದ ಒಂಬತ್ತಕ್ಕೆ ಶಾಂತಾ ಬಣ್ಣಬಣ್ಣದ ದಾರ ಕಟ್ಟಿ ಒಂದು ಪುಟ್ಟ ಬಳೆಗೆ ಪೋಣಿಸಿಕೊಟ್ಟಳು. ಕೆಂಪು ದಾಸ್ತಾನಿಗೆ, ಹಸಿರು ಬೀರುವಿಗೆ. ಎರಡು ವರ್ಷ ಹಾಯಾಗಿದ್ದೆ.

ಆಮೇಲೆ, ಯಾವ ದೇವರಿಗೆ ಹರಕೆ ಮುಟ್ಟಿತೋ, ಕಡೂರಿಗೇ ವರ್ಗವಾಯಿತು. ಶುಕ್ರವಾರ ಸಂಜೆ ಐದರೊಳಗೆ ಬಿಡುಗಡೆಯಾಗಬೇಕು. ತಪ್ಪಿದರೆ ಆ ಜಾಗಕ್ಕೆ ಬಾಯಿಬಿಟ್ಟುಕೊಂಡು ಕಾದಿದ್ದವನೊಬ್ಬನಿದ್ದ. ಗುರುವಾರ ನನ್ನ ಜಾಗಕ್ಕೆ ಓಂಕಾರಪ್ಪ ಎಂಬವರು ಬಂದರು. ಮೆತ್ತನೆಯ ಮಾತು, ಕಲ್ಲಿನಂಥ ಮನಸ್ಸು. ಲಿಸ್ಟ್ ಹಿಡಿದು ಎಣಿಸಿ, "ಇನ್ನು ಹದಿನಾಲ್ಕು ಎಲ್ಲಿ ಸಾ?" ಎಂದರು. "ಅವಕ್ಕೆ ಬೀಗಾನೇ ಇಲ್ಲ ಕಣ್ರೀ." "ನಾನು ಬೀಗ ಕೇಳ್ಲಿಲ್ವಲ್ಲ ಸಾ, ಬೀಗದ ಕೈ ಕೇಳ್ದೆ." ಇದಕ್ಕೇನು ಹೇಳುತ್ತೀರಿ?

ಅಜ್ಜಂಪುರದಲ್ಲಿ ಪರಿಚಯದ ಮನೆಗಳಿಗೆಲ್ಲ ಹೋಗಿ ಕೈಚಾಚಿದೆ. ಪ್ರತಿ ಮನೆಯಲ್ಲೂ ಒಂದು ಡಬ್ಬ, ಅದರ ತುಂಬ ಅನಾಥ ಬೀಗದ ಕೈಗಳು, ಕೊಡಿ ಎಂದರೆ ಮಾತ್ರ "ಅಯ್ಯೋ, ಬೇಕಾಗ್ತವೆ ಕಣ್ರೀ!" ಎಂದು ಮುಚ್ಚಳ ಹಾಕುತ್ತಿದ್ದರು. ಶುಕ್ರವಾರ ಬೆಳಿಗ್ಗೆ ತರೀಕೆರೆಗೆ ಬಸ್ ಹತ್ತಿದೆ. ಅಲ್ಲಿ ಬೀಗ ರಿಪೇರಿಯ ಸಾಬಿಯ ಮುಂದೆ ಒಂದು ಗುಡ್ಡೆಯೇ ಇತ್ತು. ಬೀಗದ ಕೈ ಬೇಕು ಎಂದೆ. "ಬೀಗ ತೋರ್ಸಿ" ಎಂದ. ಅಲ್ಲೂ ಅದೇ! ಬೀಗ ಇಲ್ಲ, ಯಾವುದಾದರೂ ಹದಿನಾಲ್ಕು ಕೊಡು ಎಂದಾಗ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾನು ಕಳ್ಳನಲ್ಲ, ಸರ್ಕಾರಿ ನೌಕರ ಎಂದು ಎಷ್ಟು ಹೇಳಿದರೂ ಅವನ ಅನುಮಾನ ಪೂರ್ತಿ ಹೋಗಲಿಲ್ಲ. ತುಕ್ಕು ಹಿಡಿದ ಹತ್ತನ್ನು ಆರಿಸಿ ಕೊಟ್ಟ. ಮರುಳಪ್ಪ ತನ್ನ ಮನೆಯಿಂದ ಎರಡು ತಂದ, ಕಾಫಿ ಹೋಟೆಲಿನವರು ದೊಡ್ಡ ಮನಸ್ಸು ಮಾಡಿ ಒಂದು ಕೊಟ್ಟರು. ಇಪ್ಪತ್ತೆರಡಾಯಿತು. ಗಂಟೆ ನಾಲ್ಕೂ ಮುಕ್ಕಾಲು. ಓಂಕಾರಪ್ಪನವರು ಪೆನ್ನಿನ ಟೋಪಿ ಮುಚ್ಚತೊಡಗಿದರು. ನನಗೆ ಕಣ್ಣಲ್ಲಿ ನೀರೇ ಬಂತು. ಉಡಿದಾರಕ್ಕೆ ಕೈ ಹಾಕಿ, ಅಲ್ಲಿ ಕಟ್ಟಿಕೊಂಡಿದ್ದ ನನ್ನ ಮನೆಯ ಬೀಗದ ಕೈಯನ್ನು ಬಿಚ್ಚಿ ಮೇಜಿನ ಮೇಲಿಟ್ಟೆ. ಶಾಂತಾ ಮನೆಯಲ್ಲೇ ಇರುತ್ತಾಳಲ್ಲ, ನನಗೇಕೆ ಬೀಗದ ಕೈ? ರುಜು ಬಿತ್ತು.

ಗೆದ್ದ ಕುದುರೆಯಂತೆ ಕಡೂರಿಗೆ ಬಂದರೆ, ಬಾಗಿಲಿಗೆ ಬೀಗ! ಪಕ್ಕದ ಮನೆಯ ಗೌರಮ್ಮ ಇಣುಕಿ, "ಶಾಂತಾ ತವರಿಗೆ, ಸಖರಾಯಪಟ್ಟಣಕ್ಕೆ ಹೋದ್ಲು ಕಣಪ್ಪಾ. ತಮ್ಮಂಗೆ ಹೆಣ್ ನೋಡೋಕೆ. ಬೀಗದ ಕೈ ಅವರ್ ಹತ್ರಾನೇ ಐತೆ ಅಂದ್ಲು" ಎಂದರು. ಒತ್ತಿದರೆ ತಾನೇ ಬೀಳುವ ಬೀಗ ಅದು. ಅದರ ಇನ್ನೊಂದು ಕೈ ಹಿಂದಿನ ವರ್ಷವೇ ಬಾವಿ ಸೇರಿತ್ತು. ರಾತ್ರಿ ಗೌರಮ್ಮನವರ ಪಡಸಾಲೆಯಲ್ಲಿ ಮಲಗಿ, ಬೆಳಿಗ್ಗೆ ಅದೇ ಹಾಳು ರೈಲು ಹತ್ತಿ ಅಜ್ಜಂಪುರಕ್ಕೆ ಹೋದೆ. "ಕೊಡ್ತೀನಿ ಸಾ, ಅದ್ರ ಬದ್ಲಿಗೆ ಇನ್ನೊಂದ್ ಕೊಡಿ. ನಾನೂ ಇಪ್ಪತ್ಮೂರಕ್ಕೆ ರುಜು ಹಾಕಿದೀನಲ್ಲ" ಎಂದರು ಓಂಕಾರಪ್ಪ. "ಅದು ನನ್ನ ಮನೇದು ಕಣ್ರೀ!" "ಲಿಸ್ಟಲ್ಲಿ ಯಾರ ಮನೇದು ಅಂತ ಬರ್ದಿಲ್ವಲ್ಲ ಸಾ."

ಬರಿಗೈಯಲ್ಲಿ ವಾಪಸು ಬಂದು, ಹಿತ್ತಿಲ ಬಟ್ಟೆ ಒಗೆಯುವ ಕಡೆಯಿಂದ ಕಲ್ಲೊಂದನ್ನು ತಂದು, ಬೀದಿಯವರೆಲ್ಲ ನೋಡುತ್ತಿರುವಾಗ ನನ್ನ ಮನೆಯ ಬೀಗವನ್ನು ನಾನೇ ಒಡೆದೆ. ಹೊಸ ಬೀಗ ಬಂತು. ಒಡೆದ ಬೀಗ ಈಗಲೂ ನನ್ನ ಟ್ರಂಕಿನಲ್ಲಿದೆ. ಈರುಳ್ಳಿಯವನು ಬೀದಿಗೆ ಬಂದಾಗಲೆಲ್ಲ ಶಾಂತಾ, "ಆ ಹಾಳು ಬೀಗಾನಾದ್ರೂ ಕೊಡ್ರೀ, ಯಾಕಿಟ್ಕೊಂಡಿದೀರಿ?" ಎಂದು ಗದರುತ್ತಾಳೆ. ನಾನು ಕೊಡುವುದಿಲ್ಲ. ಅದರ ಕೈ ಅಜ್ಜಂಪುರದ ಗೊಂಚಲಿನಲ್ಲಿ ಗುಂಡುಕಲ್ಲಿನ ಹಾಗೆ ಇದೆಯಲ್ಲ. ಬೀಗದ ಸಮೇತ ಹಾಜರುಪಡಿಸುವುದು ಎಂದು ತರೀಕೆರೆಯಿಂದ ನಾಳೆ ಕಾಗದ ಬಂದರೆ?

"ಇರ್ಲಿ ಬಿಡೇ, ಯಾವುದಕ್ಕಾದ್ರೂ ಬಂದೀತು" ಎನ್ನುತ್ತೇನೆ.