ಯಾವ ಕಡೆಯೂ ಅಲ್ಲದವನ ಊಟ

ಜೀಪ್ನಿ ಬಸ್ಸಿನಿಂದ ಇಳಿಯುವಾಗ ಡೆಲ್ಫಿನ್ ಕೊಡೆ ಮರೆಯಲಿಲ್ಲ, ಪೆನ್ನು ಮರೆಯಲಿಲ್ಲ, ಕೊರಳಿಗೆ ನೇತುಹಾಕಿಕೊಂಡಿದ್ದ ‘ವೀಕ್ಷಕ’ ಎಂಬ ಚೀಟಿಯನ್ನಂತೂ ಎರಡು ಸಲ ಮುಟ್ಟಿ ನೋಡಿಕೊಂಡ. ಮರೆತದ್ದು ಬುತ್ತಿಯನ್ನು. ಬಾಡಿಗೆಮನೆಯ ಯಜಮಾನಿ ಬಾಳೆಲೆಯಲ್ಲಿ ಕಟ್ಟಿಕೊಟ್ಟಿದ್ದ ಅನ್ನ, ಹುರಿದ ಮೀನು ಸೀಟಿನ ಮೇಲೆ ಕೂತಲ್ಲೇ ಕೂತು ಮುಂದಿನ ಊರಿಗೆ ಹೊರಟುಹೋದವು.

ಬೇರೆ ದಿನವಾಗಿದ್ದರೆ ಸಾಂತೊಲ್ ಹಳ್ಳಿಯಲ್ಲಿ ಉಪವಾಸ ಬೀಳುವುದು ಸಾಧ್ಯವೇ ಇರಲಿಲ್ಲ. ದಾರಿಹೋಕರನ್ನೂ ಊಟಕ್ಕೆ ಕರೆಯುವ ಊರು ಅದು. ಆದರೆ ಅಂದು ಊರಿನ ಮುಖ್ಯಸ್ಥನನ್ನು, ಅಂದರೆ ಕಪಿತಾನನನ್ನು, ಆರಿಸುವ ದಿನ. ಒಂದು ಕಡೆ ಈಗಿನ ಕಪಿತಾನ ಪೊನ್ಸಿಂಗ್. ಎದುರಿಗೆ ಅವನ ಹೆಂಡತಿಯ ತಂಗಿ, ಊರಿನ ಒಂದೇ ಅಂಗಡಿಯ ಒಡತಿ ರೆಮೆಹಿಯಾ. ಊರಲ್ಲಿ ಅಂದು ಹೊಗೆಯಾಡುತ್ತಿದ್ದ ಒಲೆಗಳೆಲ್ಲ ಇವರಿಬ್ಬರಲ್ಲಿ ಒಬ್ಬರ ಕಡೆಯವು.

ಕಾಲೇಜಿನ ಕಾತಿಗ್ಬಕ್ ಮೇಡಂ ಹೊರಡುವ ಮುಂಚೆ ಹೇಳಿದ್ದು ಸ್ಪಷ್ಟವಾಗಿತ್ತು. “ವೀಕ್ಷಕ ಅಂದ್ರೆ ಗೋಡೆಗೆ ಹೊಡೆದ ಮೊಳೆ ಇದ್ದ ಹಾಗೆ. ಯಾವ ಕಡೆಗೂ ವಾಲಬಾರದು. ಯಾರೊಬ್ಬರಿಂದ ಒಂದು ದೂರು ಬಂದ್ರೂ ನಿನಗೆ ಸೊನ್ನೆ.” ಈ ವೀಕ್ಷಣೆಯೇ ಪರೀಕ್ಷೆಯಾಗಿದ್ದ ಮೇಡಂ ವಿಷಯದಲ್ಲಿ ಡೆಲ್ಫಿನ್ ಈಗಾಗಲೇ ಎರಡು ಸಲ ನಪಾಸಾಗಿದ್ದ. ಮೂರನೆಯ ಸಲವೂ ನಪಾಸಾದರೆ ಕಾಲೇಜಿನಿಂದಲೇ ಮನೆಗೆ.

ಶಾಲೆಯ ಒಂದು ಕೋಣೆಯೇ ಮತಗಟ್ಟೆ. ಎರಡನೇ ತರಗತಿಯ ಮಕ್ಕಳ ಬೆಂಚಿನ ಮೇಲೆ ಡೆಲ್ಫಿನ್ ಮಡಿಸಿಟ್ಟ ಏಣಿಯ ಹಾಗೆ ಕೂತ. ಏಳು ಗಂಟೆಗೆ ಮತದಾನ ಶುರುವಾಯಿತು. ಎಂಟಕ್ಕೆ ಕಪಿತಾನನ ಮಗಳು ಬಿಸಿಬಿಸಿ ಸುಮಾನ್ ತಂದಳು. ಬಾಳೆಲೆ ಬಿಚ್ಚಿದರೆ ತೆಂಗಿನಹಾಲಲ್ಲಿ ಬೆಂದ ಅನ್ನದ ಘಮ.

“ತಗೊಳ್ಳಿ ಅಣ್ಣಾ.”

“ಬೇಡಮ್ಮ, ನನ್ನದಾಯ್ತು.”

ಒಂಬತ್ತಕ್ಕೆ ರೆಮೆಹಿಯಾ ತಾನೇ ಪನ್ಸಿತ್ ಶಾವಿಗೆಯ ತಟ್ಟೆ ಹಿಡಿದು ಕಿಟಕಿಯಲ್ಲಿ ನಿಂತಳು. “ತಿನ್ನು ಮಗಾ, ನಿನ್ನನ್ನೇನು ನನಗೆ ಮತ ಹಾಕು ಅಂದೆನಾ? ನಿಂಗೆ ಇಲ್ಲಿ ಮತವೇ ಇಲ್ಲ.”

“ಹೊಟ್ಟೆ ತುಂಬಿದೆ ಅಕ್ಕಾ” ಎಂದ. ಅಷ್ಟರಲ್ಲಿ ಅವನ ಹೊಟ್ಟೆ ಖಾಲಿ ಡಬ್ಬ ಮೆಟ್ಟಿಲು ಉರುಳಿದ ಹಾಗೆ ಸದ್ದು ಮಾಡಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಹನ್ನೊಂದಕ್ಕೆ ಗಾಳಿ ತಿರುಗಿತು. ಕಪಿತಾನನ ಹಿತ್ತಿಲಿನ ಕೋಳಿ ಅದೋಬೊದ ಬೆಳ್ಳುಳ್ಳಿ ವಾಸನೆ ನೇರ ಕೋಣೆಗೇ ನುಗ್ಗಿತು. ಡೆಲ್ಫಿನ್‌ಗೆ ಗೊತ್ತಿಲ್ಲದೆ ಅವನ ಮೂಗು ಆ ಕಡೆ ತಿರುಗಿತು.

“ನೋಡ್ರಪ್ಪಾ, ಕಪಿತಾನನ ಮನೆ ಕಡೆನೇ ಮುಖ ಮಾಡಿ ಕೂತವ್ನೆ!” ಎಂದಿತು ರೆಮೆಹಿಯಾಳ ಗುಂಪು.

ಅವನು ಬೆಂಚು ತಿರುಗಿಸಿದ. “ಆ ಬೆಂಚು ದಾನ ಕೊಟ್ಟಿದ್ದು ಯಾರು ಗೊತ್ತೇನ್ರೀ? ರೆಮೆಹಿಯಾ!” ಎಂದಿತು ಕಪಿತಾನನ ಗುಂಪು. “ಬೆಳಗಿಂದ ಅವಳ ಬೆಂಚು ಬಿಟ್ಟು ಎದ್ದಿಲ್ಲ!”

ಡೆಲ್ಫಿನ್ ಎದ್ದು ನಿಂತ. ನಿಂತೇ ಇದ್ದು ಬಾಯಾರಿತು. ಶಾಲೆಯ ನಲ್ಲಿಗೆ ಬೊಗಸೆ ಒಡ್ಡಿ ಇನ್ನೂ ಬಾಯಿಗೆ ತಂದಿರಲಿಲ್ಲ, ಹಿಂದಿನಿಂದ ದನಿ ಬಂತು. “ಕುಡೀಲಿ ಬಿಡಿ, ಕುಡೀಲಿ. ಆ ನಲ್ಲಿ ಹಾಕ್ಸಿದ್ದು ಕಪಿತಾನನೇ ಅಲ್ವಾ!”

ಬೊಗಸೆಯ ನೀರು ನೆಲಕ್ಕೆ ಹೋಯಿತು.

ಮಧ್ಯಾಹ್ನ ಒಂದೂವರೆಗೆ ಅವನ ಕಣ್ಣಿಗೆ ಮತಪೆಟ್ಟಿಗೆ ಎರಡೆರಡಾಗಿ ಕಾಣತೊಡಗಿತು. ಮತಗಟ್ಟೆಯ ಮುಖ್ಯಸ್ಥೆ ಲುಮೆನ್ ಟೀಚರ್ ಕನಿಕರಪಟ್ಟರು. “ಹೋಗಿ ನೆರಳಲ್ಲಿ ಓಡಾಡ್ಕೊಂಡು ಬಾಪ್ಪಾ. ಇಲ್ಲಿ ಬಿದ್ದುಗಿದ್ದರೆ, ಬಿದ್ದ ಕಡೆಯವನು ಅಂತಾರೆ ಜನ.”

ಊರ ಕೊನೆಯವರೆಗೆ ನಡೆದ. ಗೋಡೆ ಗೋಡೆಗೂ ಪೊನ್ಸಿಂಗ್ ನಗುತ್ತಿದ್ದ, ಕಂಬ ಕಂಬಕ್ಕೂ ರೆಮೆಹಿಯಾ ಕೈಮುಗಿಯುತ್ತಿದ್ದಳು. ಕಟ್ಟಕಡೆಗೆ, ಹೊಳೆಯ ದಂಡೆಯಲ್ಲಿ ಒಂದು ಬಿದಿರಿನ ಮನೆ. ಒಂದೇ ಒಂದು ಚಿತ್ರವಿಲ್ಲ. ಬಾಗಿಲಲ್ಲಿ ಇಸ್ತ್ರಿ ಮಾಡಿದ ಉಡುಪು ತೊಟ್ಟು, ಮುಖಕ್ಕೆ ಪೌಡರು ಹಚ್ಚಿ, ಕೊಡೆ ಬಿಚ್ಚುತ್ತ ಒಬ್ಬ ಮುದುಕಿ ನಿಂತಿದ್ದಳು.

“ಅಜ್ಜೀ, ಸ್ವಲ್ಪ ನೀರು... ಅದಕ್ಕೆ ಮುಂಚೆ ಹೇಳಿ, ನೀವು ಯಾವ ಕಡೆ?”

“ಹೊಳೆ ಕಡೆ. ಕಾಣಲ್ವಾ?”

“ಅಲ್ಲ, ಗೋಡೆ ಮೇಲೆ ಯಾರ ಚಿತ್ರಾನೂ ಇಲ್ಲ.”

“ಅಂಟು ಹಚ್ಚಿದ್ರೆ ಗೋಡೆ ಹಾಳು. ಇಬ್ಬರಿಗೂ ಪೊರಕೆ ತೋರಿಸ್ದೆ, ಹೋದ್ರು.” ಅಜ್ಜಿ ಅವನ ಮುಖವನ್ನು ಹತ್ತಿರದಿಂದ ನೋಡಿದಳು. “ಅಯ್ಯೋ ಮಗನೇ, ಬಿಸಿಲಲ್ಲಿ ಮರೆತ ಒಣಮೀನಿನ ಹಾಗಾಗಿದೀಯಲ್ಲೋ! ಊಟ ಮಾಡಿದ್ಯಾ?”

ಬೆಳಿಗ್ಗೆಯಿಂದ ಹೇಳುತ್ತ ಬಂದ ಸುಳ್ಳು ಈ ಸಲ ಅವನ ಬಾಯಿಂದ ಹೊರಡಲಿಲ್ಲ. ಅಜ್ಜಿ ಕೊಡೆ ಮಡಿಸಿದಳು. ಅವಳ ಹೆಸರು ಸೆಪಾ. ಗಂಡ ತೀರಿ ಒಂಬತ್ತು ವರ್ಷವಾಗಿತ್ತು. ಕೂರಿಸಿ ಉಣಬಡಿಸಲು ಒಬ್ಬರು ಸಿಕ್ಕಿ ಅದೆಷ್ಟು ದಿನವಾಗಿತ್ತೋ. ಸೌದೆ ಹಸಿ. ಊದಿ ಊದಿ ಒಲೆ ಹೊತ್ತಿಸಿದಳು. ಅನ್ನಕ್ಕಿಟ್ಟು, ಹಿತ್ತಿಲಿಂದ ನುಗ್ಗೆಸೊಪ್ಪು ತಂದು ಒಂದೊಂದೇ ಎಲೆ ಬಿಡಿಸಿ, ಬೇಯುತ್ತಿದ್ದ ಹೆಸರುಕಾಳಿಗೆ ಹಾಕಿದಳು. ಡೆಲ್ಫಿನ್ ಕಂಬಕ್ಕೊರಗಿ ಕೂತು, ಮತ ಎಷ್ಟು ಪವಿತ್ರ, ಅದನ್ನು ಎಷ್ಟು ಗುಟ್ಟಾಗಿಡಬೇಕು ಎಂದು ಅವಳಿಗೆ ವಿವರಿಸಿದ. ಅಜ್ಜಿ ತಲೆದೂಗುತ್ತ ಬಡಿಸಿದಳು. ಬೇಡವೆಂದರೂ ಮತ್ತೆ ಬಡಿಸಿದಳು. ಅನ್ನದಲ್ಲಿ ರಾಜಕೀಯದ ಒಂದು ಹರಳೂ ಸಿಗಲಿಲ್ಲ.

ಅವನು ತೇಗುತ್ತ ಶಾಲೆಗೆ ಮರಳಿದಾಗ ಗಂಟೆ ಮೂರು. ಮತದಾನದ ಹೊತ್ತು ಮುಗಿದು ಟೀಚರ್ ಬಾಗಿಲು ಮುಚ್ಚುತ್ತಿದ್ದರು.

ಎಣಿಕೆ ಶುರುವಾಯಿತು. ಒಂದೊಂದೇ ಚೀಟಿ ಬಿಚ್ಚಿ ಹೆಸರು ಕೂಗುವುದು, ಕಪ್ಪುಹಲಗೆಗೆ ಅಂಟಿಸಿದ ಹಾಳೆಯ ಮೇಲೆ ಗೆರೆ ಎಳೆಯುವುದು. ಕಿಟಕಿಯ ಸರಳುಗಳಿಗೆ ಇಡೀ ಊರು ಬಾವಲಿಯ ಹಾಗೆ ಜೋತುಬಿದ್ದಿತ್ತು. ಸೂರ್ಯ ತೆಂಗಿನ ಗರಿಗಳ ಹಿಂದೆ ಇಳಿಯುವ ಹೊತ್ತಿಗೆ ಕೊನೆಯ ಚೀಟಿಯೂ ಮುಗಿಯಿತು.

ಪೊನ್ಸಿಂಗ್ ನೂರ ಮೂವತ್ತೊಂಬತ್ತು. ರೆಮೆಹಿಯಾ ನೂರ ಮೂವತ್ತೊಂಬತ್ತು.

“ಸಮ ಸಮ ಬಂದಿದೆ. ನಿಯಮದ ಪ್ರಕಾರ ಚೀಟಿ ಎತ್ತಬೇಕು” ಎಂದರು ಟೀಚರ್.

“ಚೀಟಿಯಂತೆ ಚೀಟಿ! ಮೊದ್ಲು ಬರದೇ ಇದ್ದೋರು ಯಾರು, ಓದಿ” ಎಂದು ಕಪಿತಾನ ಗುಡುಗಿದ.

ಟೀಚರ್ ಪಟ್ಟಿ ಹಿಡಿದರು. ನಾಲ್ವರು ಸೌದಿಯಲ್ಲಿ. ಒಬ್ಬಳು ಹಾಂಗ್‌ಕಾಂಗಿನಲ್ಲಿ. ಇಬ್ಬರು ಸಮಾಧಿಯಲ್ಲಿ. ಮತ್ತೆ ಒಬ್ಬಳು, ಸೆಪಾ...

“ಸೆಪಾ ಅಜ್ಜಿ?” ರೆಮೆಹಿಯಾ ಬೆಚ್ಚಿದಳು. “ಮಂಡಿನೋವಲ್ಲೂ ತಪ್ಪಿಸ್ದೋಳಲ್ಲ ಅಜ್ಜಿ! ಅಜ್ಜೀ, ಯಾಕೆ ಬರ್ಲಿಲ್ಲ?”

ಕಿಟಕಿಯಾಚೆಯ ಗುಂಪಿನಿಂದ ಕೊಡೆ ಮೇಲೆದ್ದಿತು. “ಹೊರಟಿದ್ದೆ ಕಣವ್ವಾ. ಊಟದ ಹೊತ್ತು ಕಳೀಲಿ, ಸಾಲು ಕರಗ್ಲಿ ಅಂತ ಕಾದು ಇನ್ನೇನು ಹೊರಟಿದ್ದೆ. ಅಷ್ಟ್ರಲ್ಲಿ ಈ ಮಗು ಬಂತು. ಹಸಿದ ಮಗೂನ ಬಿಟ್ಟು ಬರಕ್ಕಾಗುತ್ತಾ? ಪಾತ್ರೆ ತೊಳ್ದು ಬಂದ್ರೆ, ಬಾಗ್ಲೇ ಹಾಕ್ಬಿಟ್ಟಿದ್ರು.”

ಇಡೀ ಕೋಣೆ ಡೆಲ್ಫಿನ್ ಕಡೆ ತಿರುಗಿತು.

“ಅಜ್ಜೀ, ಯಾರಿಗೆ ಹಾಕ್ಬೇಕು ಅಂತಿದ್ರಿ?” ಇಬ್ಬರೂ ಒಟ್ಟಿಗೇ ಕೇಳಿದರು.

“ಅದ್ನ ಹೇಳಬಾರ್ದಂತೆ. ಈ ಹುಡುಗನೇ ಹೇಳ್ದ ಉಣ್ತಾ.”

“ನನಗೇ ಹಾಕ್ತಿದ್ಲು!” ಎಂದ ಕಪಿತಾನ. “ಅವಳ ಮೊಮ್ಮಗಳಿಗೆ ಚರ್ಚಿನಲ್ಲಿ ಹೆಸರಿಟ್ಟಾಗ ನಾನೇ ಧರ್ಮಪಿತ!”

“ಮೂವತ್ತು ವರ್ಷ ನನ್ ಅಂಗಡಿ ಉಪ್ಪು ತಿಂದೋಳು ನಿಂಗ್ಯಾಕೆ ಹಾಕ್ತಾಳೆ ಭಾವಾ?”

ಎಳೆದಾಟ ನಡೆಯಿತು. ಆದರೆ ಒಂದು ಮಾತಿನಲ್ಲಿ ಭಾವ ನಾದಿನಿ ಇಬ್ಬರಿಗೂ ಒಮ್ಮತವಿತ್ತು: ತಮ್ಮ ಗೆಲುವನ್ನು ತಿಂದು ತೇಗಿದವನು ಇವನು. ಕಾಲೇಜಿಗೆ ಜಂಟಿ ದೂರು ಹೋಗಲೇಬೇಕು.

“ಅಣ್ಣಾ, ಅಕ್ಕಾ, ನಾನು ಯಾವ ಕಡೆಯೂ ಅಲ್ಲ!” ಡೆಲ್ಫಿನ್ ಗೋಗರೆದ.

“ಇದೇ ನೋಡು ನಿನ್ ರೋಗ” ಎಂದ ಕಪಿತಾನ. “ಯಾವುದಾದ್ರೂ ಒಂದು ಕಡೆ ಉಂಡಿದ್ರೆ ಇವತ್ತು ಒಬ್ಬರಾದ್ರೂ ಗೆಲ್ತಿದ್ವಿ.”

ಆದರೆ ದೂರು ಬರೆಯುವವರು ಯಾರು? ಕಪಿತಾನನ ಗುಮಾಸ್ತ ಬರೆದರೆ ರೆಮೆಹಿಯಾಗೆ ನಂಬಿಕೆಯಿಲ್ಲ. ಟೀಚರ್ ಬರೆದರೆ, ಅವರು ರೆಮೆಹಿಯಾಳ ಓರಗಿತ್ತಿ. ಹುಡುಕಿ ಹುಡುಕಿ ಊರಿನ ಕಣ್ಣು ಒಬ್ಬನ ಮೇಲೇ ನಿಂತಿತು.

“ಕೂತ್ಕೋ ಮಗಾ” ಎಂದು ರೆಮೆಹಿಯಾ ಕಾಗದ ಚಾಚಿದಳು. “ಪಕ್ಷಪಾತ ಇಲ್ಲದೆ ಬರೆಯೋನು ಇಲ್ಲಿ ನೀನೊಬ್ನೇ.”

ಡೆಲ್ಫಿನ್ ಕೂತ. ವೀಕ್ಷಕನೆಂಬವನು ಮತದಾನದ ವೇಳೆಯಲ್ಲಿ ಒಬ್ಬ ಮತದಾರಳನ್ನು ಒಲೆಯ ಮುಂದೆ ತಡೆದು ಎರಡು ತಟ್ಟೆ ಅನ್ನ ತಿಂದನೆಂದು ಬರೆದು, ಗಟ್ಟಿಯಾಗಿ ಓದಿ ಹೇಳಿದ.

“ಮೂರು ಕಣೋ ಮಗನೇ” ಎಂದು ಸೆಪಾ ಅಜ್ಜಿ ಕಿಟಕಿಯಿಂದ ಅಕ್ಕರೆಯಲ್ಲಿ ತಿದ್ದಿದಳು.

ಡೆಲ್ಫಿನ್ ಎರಡನ್ನು ಹೊಡೆದು ಮೂರು ಮಾಡಿದ.